ನೀರಿನ ಮೇಲೆ ಉಳಿದ ಚೂರು

ಮನುಷ್ಯರನ್ನು ತೆಳ್ಳಗೆ ಹೆಚ್ಚಿ ಹೊಟ್ಟೆ ಹೊರೆದವಳೊಬ್ಬಳಿದ್ದಳು. ಗಾಬರಿ ಬೀಳಬೇಡಿ, ಕೊಲೆಗಡುಕಿಯಲ್ಲ. ಸಂಬಳಕ್ಕೆ ದುಡಿಯುವ ಹೆಂಗಸು. ದೊಡ್ಡಾಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಹೆಣವಿಡುವ ಕೋಣೆಗೂ ನಡುವೆ ಒಂದು ಉದ್ದನೆಯ ಲ್ಯಾಬು ಇತ್ತು. ಆ ಕಡೆಯಿಂದ ಸೋಪಿನ ವಾಸನೆ, ಈ ಕಡೆಯಿಂದ ತಣ್ಣನೆಯ ಗಾಳಿ. ಕಿಟಕಿ ಪಕ್ಕದ ಮೇಜು ಅವಳದು. ಲ್ಯಾಬಿನವರೆಲ್ಲ ಅವಳನ್ನು ಬ್ಲೇಡಕ್ಕ ಎನ್ನುತ್ತಿದ್ದರು.

ಆಪರೇಷನ್ ಕೋಣೆಯಿಂದ ಡಬ್ಬಿ ತರುವ ಜವಾನ ಬಾಗಿಲಲ್ಲೇ ನಿಂತು ಕೂಗುವನು: "ಬ್ಲೇಡಕ್ಕಾ, ಇವತ್ತು ಒಂದು ಪಿತ್ತಕೋಶ, ಎರಡು ಗರ್ಭಕೋಶ, ಯಾರದೋ ಹೆಬ್ಬೆರಳು. ಎಲ್ಲಿಂದ ಶುರು ಮಾಡ್ತೀರಿ?"

"ಹೆಬ್ಬೆರಳಿಂದ್ಲೇ ಮಾಡೋಣ. ಸಹಿ ಹಾಕೋಕೆ ಬರದವರದ್ದಾಗಿದ್ರೆ ಪಾಪ, ಅವರಿಗೆ ಇದ್ದಿದ್ದೇ ಅದೊಂದು."

ಇಬ್ಬರೂ ನಗುವರು. ನಗದಿದ್ದರೆ ಆ ಕೋಣೆಯಲ್ಲಿ ಕೂರಲಾಗುತ್ತಿರಲಿಲ್ಲ.

ಅವಳ ಕೆಲಸ ಏನೆಂದು ಹೇಳಿಬಿಡುತ್ತೇನೆ, ಕತೆಯೆಲ್ಲ ಅದರ ಮೇಲೇ ನಿಂತಿದೆ. ಮೈಯಿಂದ ಕಳಚಿದ ತುಂಡು ಆ ಗಳಿಗೆಯಿಂದಲೇ ಕೆಡತೊಡಗುತ್ತದೆ. ಅದಕ್ಕೆ ಹೊರಗಿನ ಹುಳು ಬೇಕಿಲ್ಲ. ನಮ್ಮ ಒಂದೊಂದು ಜೀವಕೋಶದೊಳಗೂ ಜೀರ್ಣರಸ ತುಂಬಿದ ಪುಟಾಣಿ ಚೀಲಗಳಿವೆ. ಕೋಶ ಸತ್ತಿತೋ, ಚೀಲ ಒಡೆದು ಆ ರಸ ಮನೆಯ ಯಜಮಾನನನ್ನೇ ತಿನ್ನುತ್ತದೆ. ಅದಕ್ಕೇ ತುಂಡನ್ನು ಕೂಡಲೆ ಫಾರ್ಮಾಲಿನ್‌ನಲ್ಲಿ ಮುಳುಗಿಸಬೇಕು. ಆಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿ ಅದರ ನೀರೆಲ್ಲ ಹಿಂಡಿ, ಕರಗಿದ ಮೇಣ ಕುಡಿಸಿ, ಮೇಣದ ಬಿಲ್ಲೆಯಾಗಿ ಗಟ್ಟಿ ಮಾಡಬೇಕು. ಆ ಬಿಲ್ಲೆಗೆ ಲ್ಯಾಬಿನವರು ಬ್ಲಾಕು ಎನ್ನುತ್ತಾರೆ. ಬ್ಲಾಕನ್ನು ಮಶೀನಿಗೆ ಕಚ್ಚಿಸಿ ಚಕ್ರ ತಿರುವಿದರೆ ಅದು ಮೇಲಕ್ಕೂ ಕೆಳಕ್ಕೂ ಆಡುತ್ತ ಬ್ಲೇಡಿನ ಬಾಯಿಗೆ ಬರುತ್ತದೆ. ಒಂದೊಂದು ಸುತ್ತಿಗೆ ಒಂದೊಂದು ಪದರ, ಒಂದು ಜೀವಕೋಶದ ಮೈಗಿಂತಲೂ ತೆಳು. ಪದರಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನ ಹಾಗೆ ಇಳಿಯುತ್ತವೆ. ಅದನ್ನು ಕುಂಚದ ತುದಿಯಲ್ಲಿ ಎತ್ತಿ ಬೆಚ್ಚನೆ ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟರೆ ಸುಕ್ಕು ಬಿಚ್ಚಿಕೊಳ್ಳುತ್ತದೆ. ಗಾಜಿನ ಪಟ್ಟಿಯನ್ನು ನೀರಿಗೆ ಓರೆಯಾಗಿ ಇಳಿಸಿ, ಮಲಗಿದ ಮಗುವನ್ನು ಎತ್ತಿದ ಹಾಗೆ ಎತ್ತಿಕೊಳ್ಳಬೇಕು. ಕೊನೆಗೆ ಬಣ್ಣ. ಕೋಶಕೇಂದ್ರಕ್ಕೆ ನೇರಳೆ, ಸುತ್ತಲಿನ ಕೋಶದ್ರವ್ಯಕ್ಕೆ ಗುಲಾಬಿ. ಆ ಗಾಜು ಡಾಕ್ಟರ ಮೇಜಿಗೆ ಹೋಗುತ್ತದೆ, ಅವರು ಸೂಕ್ಷ್ಮದರ್ಶಕದಲ್ಲಿ ಇಣುಕಿ ಬದುಕೋ ಸಾವೋ ಬರೆಯುತ್ತಾರೆ.

ಒಂದು ಕಟ್ಟಳೆ ಉಂಟು. ಒಬ್ಬರ ಬ್ಲಾಕು ಮುಗಿದು ಇನ್ನೊಬ್ಬರದು ಶುರುವಾಗುವ ಮುಂಚೆ ತೆಳು ಕಾಗದದ ಪಟ್ಟಿಯನ್ನು ತೊಟ್ಟಿಯ ನೀರಿನ ಮೇಲೆ ಎಳೆದು ಒರೆಸಬೇಕು. ಹಿಂದಿನವರ ಚೂರು ಕಣ್ಣಿಗೆ ಕಾಣದಂತೆ ತೇಲುತ್ತಿದ್ದರೆ ಮುಂದಿನವರ ಗಾಜಿಗೆ ಹತ್ತಿಕೊಳ್ಳುತ್ತದೆ. ಬ್ಲೇಡಕ್ಕ ಈ ಒರೆಸುವುದನ್ನು ಉಸಿರಾಡಿದಷ್ಟೇ ಸಲೀಸಾಗಿ ಮಾಡುತ್ತಿದ್ದಳು. ಹೊಸಬರು ಮರೆತರೆ ಅವರ ಬೆನ್ನಿಗೊಂದು ಗುದ್ದುತ್ತಿದ್ದಳು.

ಲ್ಯಾಬಿನಲ್ಲಿ ಹೀಗೆ ರಾಣಿ. ಮನೆಯಲ್ಲಿ ಅವಳ ಪಾಡು ಬೇರೆ.

ಕಟ್ಟಿಕೊಂಡವನು ಮದುವೆಯಾದ ವರ್ಷವೇ, "ನಿನ್ನ ಕೈ ಹೆಣದ ಔಷಧಿ ನಾತ ಹೊಡೀತದೆ, ನನ್ನ ಮೈ ಮುಟ್ಟಬೇಡ" ಎಂದು ಹೇಳಿ ತವರಿಗೆ ಅಟ್ಟಿದ್ದ. ತವರೆಂದರೆ ಅಣ್ಣನ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಣಗಿಸುವ ಓಣಿಯಂಥ ಜಾಗ. ಆ ಓಣಿಯಲ್ಲಿ ಅವಳ ಮಂಚ. ಅಣ್ಣ ಬೀಗ ರಿಪೇರಿ ಮಾಡುವವನು. "ಊರಿನವರ ಬಾಗಿಲೆಲ್ಲ ತೆಗೀತಾನೆ, ಮನೇಲಿ ಬಾಯಿ ಮಾತ್ರ ತೆಗೆಯಲ್ಲ" ಎಂದು ಅವನ ಹೆಂಡತಿಯೇ ಆಡಿಕೊಳ್ಳುತ್ತಿದ್ದಳು.

ಆ ಹೆಂಡತಿ, ಅಂದರೆ ಬ್ಲೇಡಕ್ಕನ ಅತ್ತಿಗೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಮಶೀನು ಇಟ್ಟುಕೊಂಡು ಹೆಂಗಸರ ಬಟ್ಟೆ ಹೊಲಿಯುತ್ತಿದ್ದಳು. ಅಳತೆಯಲ್ಲಿ ಕೂದಲೆಳೆ ತಪ್ಪದ ಕೈ. ನಾಲಿಗೆಯೂ ಹಾಗೆಯೇ, ಎಲ್ಲಿ ತಾಗಿಸಬೇಕೋ ಅಲ್ಲೇ ತಾಗುತ್ತಿತ್ತು. ಅಳತೆ ಕೊಡಲು ಬಂದವರ ಮುಂದೆ ನಾದಿನಿ ಹಾದುಹೋದರೆ ಸಾಕು.

"ನಮ್ಮಿಬ್ಬರದ್ದೂ ಒಂದೇ ಕಸುಬು ನೋಡಿ. ನಾನೂ ಕತ್ತರಿಸ್ತೀನಿ, ಇವಳೂ ಕತ್ತರಿಸ್ತಾಳೆ. ನಾನು ಕತ್ತರಿಸಿದ್ದನ್ನ ಹೊಲಿದು ಕೊಡ್ತೀನಿ. ಇವಳು ಕತ್ತರಿಸಿದ್ದನ್ನ ಹೊಲಿಯೋದು ಯಾರು?"

ಬಂದವರು ನಗುವರು. ಬ್ಲೇಡಕ್ಕನೂ ಹಲ್ಲು ಕಿರಿಯುವಳು. ನಗದಿದ್ದರೆ ಮುಖ ಊದಿಸಿಕೊಂಡಳೆಂಬ ಇನ್ನೊಂದು ದೂರು.

ಅವಳ ತಟ್ಟೆ ಬೇರೆ, ಲೋಟ ಬೇರೆ. ಲೋಟ ಬೆರೆತುಹೋಗದಿರಲಿ ಎಂದು ತಳಕ್ಕೆ ಉಗುರುಬಣ್ಣದ ಚುಕ್ಕೆ ಇಟ್ಟಿದ್ದಳು ಅತ್ತಿಗೆ. ಹಿಟ್ಟು ಮುಟ್ಟುವ ಹಾಗಿಲ್ಲ, ಹಾಲಿನ ಪಾತ್ರೆ ಎತ್ತುವ ಹಾಗಿಲ್ಲ. ಪಾತ್ರೆ ತೊಳೆಯಬಹುದು, ನೆಲ ಒರೆಸಬಹುದು. ನೆಲಕ್ಕೆ ನಾತ ತಾಗುವುದಿಲ್ಲವಲ್ಲ.

ಅಣ್ಣನ ಮಗಳಿಗೆ ಮಾತ್ರ ಅತ್ತೆಯೆಂದರೆ ಪ್ರಾಣ. ಒಂದು ಸಂಜೆ ಹುಡುಗಿ ವಿಜ್ಞಾನದ ಪುಸ್ತಕ ಹಿಡಿದು ಓಣಿಗೆ ಬಂದು ಮಂಚದ ಮೇಲೆ ಕುಕ್ಕರಿಸಿದಳು.

"ಅತ್ತೆ, ಅಂಗಾಂಶ ಅಂದ್ರೆ ಏನು? ಕೋಶಗಳ ಗುಂಪು ಅಂತ ಬರೆದಿದಾರೆ. ಗುಂಪು ಅಂದ್ರೆ ಸಂತೆಯಲ್ಲೂ ಇರ್ತದಲ್ಲ?"

"ಸಂತೆಯಲ್ಲಿ ಒಬ್ಬೊಬ್ಬರದು ಒಂದೊಂದು ಕೆಲಸ ಕಣೇ. ಅಂಗಾಂಶದಲ್ಲಿ ಎಲ್ಲರದ್ದೂ ಒಂದೇ. ನಿನ್ನ ಕೆನ್ನೆಯ ಒಳಗಡೆ ಚಪ್ಪಟೆ ಕೋಶಗಳು ಕಲ್ಲು ಹಾಸಿದ ಹಾಗೆ ಹಾಸ್ಕೊಂಡಿವೆ, ಅವುಗಳದ್ದು ಮುಚ್ಚೋ ಕೆಲಸ. ತೋಳಲ್ಲಿ ಉದ್ದುದ್ದ ಮಲಗಿದಾವಲ್ಲ, ಅವು ಎಳೆಯೋವು. ಅವನ್ನೆಲ್ಲ ಹಿಡಿದಿಟ್ಟುಕೊಳ್ಳೋಕೆ ನಡುವೆ ನಾರು, ಕೊಬ್ಬು. ಅದು ಸಂಯೋಜಕ ಅಂಗಾಂಶ, ಮನೇಲಿ ಮಾತಾಡದೆ ಎಲ್ಲಾ ಹೊತ್ಕೊಂಡಿರೋರು ಒಬ್ಬರಿರ್ತಾರಲ್ಲ, ಹಾಗೆ."

"ನಿನ್ನ ಹಾಗೆ!"

"ಶ್! ಮೆತ್ತಗೆ."

ಮೆತ್ತಗೆ ಎನ್ನುವಷ್ಟರಲ್ಲಿ ಅತ್ತಿಗೆ ಬಾಗಿಲಲ್ಲಿದ್ದಳು. ಹುಡುಗಿಯ ಕೈಯಿಂದ ಪುಸ್ತಕ ಕಿತ್ತುಕೊಂಡು ಅದರ ರಟ್ಟನ್ನು ಸೆರಗಿನಂಚಿನಿಂದ ಒರೆಸಿದಳು, ಏನೋ ಅಂಟಿದೆ ಎಂಬಂತೆ. "ಪಾಠ ಹೇಳಿಸ್ಕೊಳ್ಳೋಕೆ ಶಾಲೆ ಇದೆ. ಇಲ್ಲಿ ಕೂತರೆ ಬಟ್ಟೆಗೆಲ್ಲ ಆ ವಾಸನೆ ಹತ್ತುತ್ತೆ, ಏಳು." ನಾದಿನಿಯ ಕಡೆಗೆ ತಿರುಗಿ, "ನಿನಗೊಂದು ಮಗು ಆಗಿದ್ರೆ ನಮ್ಮ ಮಗು ಮೇಲೆ ಇಷ್ಟು ಆಸೆ ಬೀಳ್ತಿರ್ಲಿಲ್ಲ" ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಗುಂಡಿ ಸಡಿಲಾಗಿದೆ ಎಂದು ಗಿರಾಕಿಗೆ ತೋರಿಸಿದ ಹಾಗಿತ್ತು.

ಇಂಥ ಅತ್ತಿಗೆಗೆ ಒಂದು ಬೆಳಗ್ಗೆ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತು.

ಗಂಡನಿಗೆ ಹೇಳಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ನಾದಿನಿಯ ಬೆನ್ನಿಗೆ ಕೇಳಿದಳು: "ನಿಮ್ಮಾಸ್ಪತ್ರೇಲಿ ಹೆಂಗಸರಿಗೆ ನೋಡೋ ಡಾಕ್ಟ್ರು ಯಾರು ಒಳ್ಳೆಯವರು? ನನಗಲ್ಲ, ನನ್ನ ಗಿರಾಕಿಯೊಬ್ಬಳಿಗೆ."

ಬ್ಲೇಡಕ್ಕ ತಿರುಗಿ ನೋಡಿದಳು. ಅತ್ತಿಗೆಯ ಎಡಗೈ ಬಲ ಎದೆಯ ಮೇಲಿತ್ತು, ಕೈಗೆ ತಾನೆಲ್ಲಿದ್ದೇನೆಂದು ಗೊತ್ತಿಲ್ಲದ ಹಾಗೆ.

ಆಸ್ಪತ್ರೆಯಲ್ಲಿ ಅತ್ತಿಗೆಯ ಗಂಟಿಗೆ ಸೂಜಿ ಹಾಕಿ ಒಂದಿಷ್ಟು ಮಾಂಸದ ಎಳೆ ತೆಗೆದರು. ಅದು ಡಬ್ಬಿಯಲ್ಲಿ ಬಂತು, ಮೇಣ ಕುಡಿಯಿತು, ಬ್ಲಾಕಾಯಿತು. ಸ್ವಂತದವರ ತುಂಡನ್ನು ಸ್ವಂತ ಕೈಯಲ್ಲಿ ಕೊಯ್ಯಬಾರದೆಂಬುದು ಆ ಲ್ಯಾಬಿನ ಪದ್ಧತಿ. ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ ಎಂದು. ಪಕ್ಕದ ಮೇಜಿನವಳು ಕೈ ಚಾಚಿದಳು: "ಕೊಡಿ ಬ್ಲೇಡಕ್ಕ, ನಾನು ಮಾಡ್ತೀನಿ. ನಿಮ್ಮತ್ತಿಗೆದಲ್ವಾ?"

"ಬೇಡ. ನಾನೇ ಮಾಡ್ತೀನಿ."

ಪಕ್ಕದವಳು ಅದನ್ನು ಮಮತೆಯೆಂದುಕೊಂಡಳು. ಮಮತೆಯೂ ಅಲ್ಲ, ಮಣ್ಣೂ ಅಲ್ಲ. ಬ್ಲೇಡಕ್ಕನ ಹೊಟ್ಟೆಯೊಳಗೆ ಏನೋ ಒಂದು ಸಣ್ಣಗೆ ಕುಣಿಯುತ್ತಿತ್ತು. ಇಷ್ಟು ವರ್ಷ ನನ್ನ ಲೋಟಕ್ಕೆ ಚುಕ್ಕೆ ಇಟ್ಟು ಬೇರೆ ಮಾಡಿದೆಯಲ್ಲ, ಈಗ ನಿನ್ನ ಮಾಂಸವೇ ನನ್ನ ಕೈಗೆ ಬಂತು. ನೋಡೋಣ, ನೀನೂ ಎಲ್ಲರ ಹಾಗೆ ನೇರಳೆ ಗುಲಾಬಿಯೋ, ಇಲ್ಲ ನಿನಗೇನಾದರೂ ಬೇರೆ ಬಣ್ಣ ಇದೆಯೋ. ಆಗಷ್ಟೇ ಬೇರೊಬ್ಬ ಹೆಂಗಸಿನ ಬ್ಲಾಕು ಮುಗಿಸಿದ್ದಳು. ಆ ಬಡಪಾಯಿಗೆ ಎದೆಯ ಕ್ಯಾನ್ಸರ್ ಮುಕ್ಕಾಲು ಪಾಲು ಹಬ್ಬಿತ್ತು. ಆ ಬ್ಲಾಕು ಕಳಚಿ, ಅತ್ತಿಗೆಯದನ್ನು ಕಚ್ಚಿಸಿ, ಚಕ್ರ ತಿರುವಿದಳು. ರಿಬ್ಬನ್ನು ಇಳಿಯಿತು. ಎಂದೂ ಇಲ್ಲದಷ್ಟು ಚೆನ್ನಾಗಿ ಇಳಿಯಿತು. ಆ ಖುಷಿಯಲ್ಲಿ ನೀರು ಒರೆಸುವ ಕಾಗದದ ಪಟ್ಟಿ ಮೇಜಿನ ಮೇಲೆ ಇದ್ದಲ್ಲೇ ಇತ್ತು. ಗಾಜು ಇಳಿಸಿದಳು, ಎತ್ತಿದಳು.

ಬಣ್ಣ ಹಾಕಿದ ಮೇಲೆ ತಾನೇ ಮೊದಲು ಇಣುಕಿದಳು. ಹಾಲಿನ ಗ್ರಂಥಿ, ಕೊಬ್ಬು, ನಾರು. ಎಲ್ಲರ ಹಾಗೆಯೇ. ಆಸೆಪಟ್ಟಷ್ಟು ಸುಖವಾಗಲಿಲ್ಲ. ಮೂಲೆಯವರೆಗೂ ಸರಿಸಿ ನೋಡದೆ ಡಾಕ್ಟರ ಮೇಜಿಗೆ ಕಳಿಸಿಬಿಟ್ಟಳು.

ಡಾಕ್ಟರು ಮೂಲೆಯವರೆಗೂ ನೋಡಿದರು. ಅಲ್ಲೊಂದು ಚೂರು. ಅದರ ಕೋಶಗಳಿಗೆ ಸಾಲೂ ಇಲ್ಲ, ಶಿಸ್ತೂ ಇಲ್ಲ. ಊದಿದ ಕೋಶಕೇಂದ್ರಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು, ಎಷ್ಟೋ ಕೋಶಗಳು ಇಬ್ಭಾಗವಾಗುತ್ತಿದ್ದ ಗಳಿಗೆಯಲ್ಲೇ ಸಿಕ್ಕಿಬಿದ್ದಿದ್ದವು. ಚೂರು ಉಳಿದದ್ದರಿಂದ ದೂರ ಒಂಟಿಯಾಗಿ ಯಾಕೆ ಮಲಗಿದೆ ಎಂದು ಡಾಕ್ಟರು ಕೇಳಿಕೊಳ್ಳಬೇಕಿತ್ತು. ಅವತ್ತು ಅವರಿಗೆ ಊಟಕ್ಕೆ ಹೊತ್ತಾಗಿತ್ತು. ಕ್ಯಾನ್ಸರ್, ಉಗ್ರ ಜಾತಿಯದು ಎಂದು ಬರೆದು ಎದ್ದರು.

ಸುದ್ದಿ ಕೇಳಿದ ದಿನ ಅತ್ತಿಗೆ ಮಶೀನಿನ ಮುಂದೆ ಕೂತು, ಹೊಲಿಯುತ್ತಿದ್ದ ಬಟ್ಟೆ ಮುಗಿಯುವ ತನಕ ಪೆಡಲು ತುಳಿದಳು. ಬಟ್ಟೆ ಮುಗಿದ ಮೇಲೂ ತುಳಿದಳು. ಸೂಜಿ ಖಾಲಿ ಜಾಗದಲ್ಲಿ ಟಕಟಕ ಕುಟ್ಟುತ್ತಲೇ ಇತ್ತು. ಕೊನೆಗೆ ಅಣ್ಣನೇ ಬಂದು ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದ.

ಬಲ ಎದೆಯನ್ನು ಪೂರ್ತಿ ತೆಗೆದರು.

ಆ ಎದೆಯೂ ಬಕೆಟ್ಟಿನಂಥ ಡಬ್ಬಿಯಲ್ಲಿ ಲ್ಯಾಬಿಗೇ ಬಂತು. ಜವಾನ ಈ ಸಲ ಕೂಗಲಿಲ್ಲ. ಮೇಜಿನ ಮೇಲಿಟ್ಟು ತಲೆ ತಗ್ಗಿಸಿ ಹೋದ. ಡಾಕ್ಟರು ಅದನ್ನು ಹೋಳು ಮಾಡಿ ತುಂಬ ಜಾಗದಿಂದ ತುಂಡು ತೆಗೆದರು. ಪಕ್ಕದ ಮೇಜಿನವಳು ಕೊಯ್ದಳು. ರೋಗ ಎಲ್ಲೂ ಸಿಗಲಿಲ್ಲ. ಕೈಗೆ ಸಿಕ್ಕ ಗಂಟು ನಿರುಪದ್ರವಿ, ನಾರುಗಡ್ಡೆ.

"ಸಣ್ಣದಿತ್ತು, ಸೂಜಿಯಲ್ಲೇ ಬಂದುಬಿಟ್ಟಿದೆ. ಅದೃಷ್ಟವಂತೆ ನಿಮ್ಮತ್ತಿಗೆ" ಎಂದರು ಡಾಕ್ಟರು.

ಬ್ಲೇಡಕ್ಕನಿಗೆ ಆವತ್ತು ಮೇಜಿನ ಮೇಲೇ ಉಳಿದ ಕಾಗದದ ಪಟ್ಟಿ ನೆನಪಾಯಿತು. ಹಳೆಯ ಗಾಜನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಈ ಸಲ ಮೂಲೆಯ ತನಕ ಸರಿಸಿದಳು. ಉಳಿದದ್ದೆಲ್ಲ ಸ್ಪಷ್ಟವಾಗಿ ಕಾಣುವಾಗ ಆ ಚೂರು ಮಾತ್ರ ಮಂಜು. ಅದನ್ನು ಸ್ಪಷ್ಟ ಮಾಡಿದರೆ ಉಳಿದದ್ದು ಮಂಜು. ಅಂದರೆ ಒಂದೇ ಮಟ್ಟದಲ್ಲಿ ಕೂತಿಲ್ಲ, ಮೇಲೆ ಬಂದು ಹತ್ತಿದ್ದು. ಅತ್ತಿಗೆಯ ಬ್ಲಾಕನ್ನು ಹುಡುಕಿ ಮತ್ತೆ ಮಶೀನಿಗೆ ಹಾಕಿದಳು. ಚೂರು ಆ ಬ್ಲಾಕಿನದ್ದೇ ಆಗಿದ್ದರೆ ಮುಂದಿನ ಪದರದಲ್ಲೂ ಕಾಣಬೇಕು. ಕೊಯ್ದಳು, ನೋಡಿದಳು. ಇನ್ನೂ ಕೊಯ್ದಳು. ಬಿಲ್ಲೆಯಲ್ಲಿ ಬರಿ ಮೇಣ ಉಳಿಯುವ ತನಕ ಕೊಯ್ದಳು. ಗ್ರಂಥಿ, ಕೊಬ್ಬು, ನಾರು. ಮತ್ತೇನೂ ಇರಲಿಲ್ಲ.

ಡಾಕ್ಟರ ಕೋಣೆಗೆ ಹೋಗಿ ಹೇಳಿದಳು. ಅವರು ಬಾಗಿಲು ಹಾಕಿ ಬಂದರು.

"ನೀರು ಒರೆಸಿರಲಿಲ್ವಾ?"

"ಇಲ್ಲ ಸಾರ್. ಮರೆತೆ."

"ಮರೆತಿರಿ." ಡಾಕ್ಟರು ಆ ಮಾತನ್ನು ಬಾಯಲ್ಲಿ ತಿರುಗಿಸಿ ನೋಡಿದರು. "ಬೇಡ ಅಂದರೂ ಬ್ಲಾಕನ್ನ ನೀವೇ ತಗೊಂಡ್ರಂತೆ. ಅತ್ತಿಗೆ ಜೊತೆ ನಿಮಗೆ ಹೇಗಿತ್ತು ಅಂತ ಈ ಲ್ಯಾಬಲ್ಲಿ ಪೊರಕೆಗೂ ಗೊತ್ತು. ಊಟದ ಹೊತ್ತಲ್ಲಿ ನೀವೇ ಅಲ್ವೇನ್ರೀ ಹೇಳ್ಕೊಂಡು ಅಳ್ತಾ ಇದ್ದದ್ದು? ಈಗ ಹೋಗಿ ಮರೆತೆ ಅಂದ್ರೆ ಯಾರು ನಂಬ್ತಾರೆ?"

"ನೀವೂ ನೋಡಿದ್ರಲ್ಲ ಸಾರ್, ಆ ಚೂರನ್ನ."

"ಅದಕ್ಕೇ ಹೇಳ್ತಿರೋದು, ಬಾಯಿ ಮುಚ್ಕೊಂಡಿರಿ ಅಂತ. ಹೋದ ಎದೆ ಹೋಯ್ತು. ಇಬ್ಬರ ಕೆಲಸ ಯಾಕೆ ಹೋಗಬೇಕು?"

"ಔಷಧಿ ಶುರು ಮಾಡ್ತಾರೆ ಸಾರ್ ಅವರಿಗೆ. ಇಲ್ಲದ ರೋಗಕ್ಕೆ."

"ನಾಲ್ಕು ದಿನ ವಾಂತಿ ಮಾಡ್ಕೋತಾರೆ. ಆಮೇಲೆ ಸರಿಹೋಗ್ತಾರೆ" ಎಂದು ಡಾಕ್ಟರು ಆ ಗಾಜನ್ನು ತಮ್ಮ ಮೇಜಿನ ಖಾನೆಗೆ ಹಾಕಿ ಬೀಗ ತಿರುವಿದರು.

ಅವಳು ಬಾಯಿ ಮುಚ್ಚಿಕೊಂಡಳು. ಕೆಲಸದ ಹೆದರಿಕೆ ಅರ್ಧ. ಇನ್ನರ್ಧ ಯಾವುದೆಂದು ಕೇಳಿ. ಆಸ್ಪತ್ರೆಯಿಂದ ಮನೆಗೆ ಬಂದ ಅತ್ತಿಗೆ ಮೊದಲು ಮಾಡಿದ ಕೆಲಸವೆಂದರೆ ನಾದಿನಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡದ್ದು.

"ಈ ಕೈಯೇ ಅಲ್ವೇನೆ ನನ್ನ ರೋಗ ಪತ್ತೆ ಹಿಡಿದದ್ದು? ಈ ಕೈಯನ್ನ ನಾನು ಏನೇನೋ ಅಂದೆ. ನೀನಿಲ್ಲದಿದ್ರೆ ನಾನು ಮಣ್ಣಾಗ್ತಿದ್ದೆ ತಂಗಿ."

ತಂಗಿ! ಅಷ್ಟು ವರ್ಷದಲ್ಲಿ ಆ ಬಾಯಿಂದ ಬಾರದ ಮಾತು. ಚುಕ್ಕೆಯ ಲೋಟ ಕಸದ ಬುಟ್ಟಿಗೆ ಹೋಯಿತು. ಓಣಿಯ ಮಂಚ ಅತ್ತಿಗೆಯ ಕೋಣೆಗೆ ಬಂತು. ಹಿಟ್ಟು ಮುಟ್ಟು ಎಂದಳು, ಹಾಲು ಕಾಯಿಸು ಎಂದಳು. ಹುಡುಗಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಓದಿದರೂ ಬೈಯಲಿಲ್ಲ. ನೋಡಲು ಬಂದ ನೆಂಟರಿಗೆಲ್ಲ, "ನನ್ನ ನಾದಿನಿ, ನನ್ನ ಜೀವ ಉಳಿಸಿದವಳು" ಎಂದು ತೋರಿಸಿದಳು. ಬ್ಲೇಡಕ್ಕ ಆ ಮಾತನ್ನು ಹಸಿದವಳು ಉಂಡ ಹಾಗೆ ಉಂಡಳು. ಇವತ್ತು ಹೇಳುತ್ತೇನೆ ಎಂದು ಏಳುವಳು. ಅತ್ತಿಗೆ "ಬಾ ತಂಗಿ, ಒಟ್ಟಿಗೆ ಊಟ ಮಾಡೋಣ" ಎನ್ನುವಳು. ನಾಳೆ ಎಂದುಕೊಳ್ಳುವಳು.

ಹಾಗೆ ನಾಳೆ ನಾಳೆ ಎನ್ನುತ್ತ ಮೊದಲ ಸುತ್ತಿನ ಔಷಧಿ ಅತ್ತಿಗೆಯ ನರಕ್ಕೆ ಇಳಿದುಹೋಯಿತು.

ಆ ಔಷಧಿಗೆ ರೋಗದ ಕೋಶ ಯಾವುದು, ಒಳ್ಳೆಯ ಕೋಶ ಯಾವುದು ಎಂಬ ವಿವೇಕವಿಲ್ಲ. ಬೇಗ ಬೇಗ ಇಬ್ಭಾಗವಾಗುವ ಕೋಶ ಕಂಡಲ್ಲೆಲ್ಲ ಕೊಲ್ಲುತ್ತದೆ. ರೋಗ ಇದ್ದವರಲ್ಲಿ ಮೊದಲು ರೋಗ ಸಾಯುತ್ತದೆ. ಇಲ್ಲಿ ಕೊಲ್ಲಲು ರೋಗವೇ ಇರಲಿಲ್ಲ. ಕೂದಲ ಬುಡದ ಕೋಶಗಳು ಸತ್ತವು, ದಿಂಬಿನ ಮೇಲೆ ಜಡೆ ಜಡೆಯಾಗಿ ಕೂದಲು ಬಿತ್ತು. ಬಾಯಿಯ ಒಳಪದರ ಸತ್ತಿತು, ಕೆನ್ನೆಯೊಳಗೆಲ್ಲ ಹುಣ್ಣು, ನೀರು ಕುಡಿದರೂ ಉರಿ. ಕರುಳಿನ ಒಳಪದರ ಸತ್ತಿತು, ಉಂಡದ್ದು ನಿಲ್ಲಲಿಲ್ಲ. ಬೇರೆ ಯಾರಾದರೂ ಅಯ್ಯೋ ಪಾಪ ಎಂದು ಬಕೆಟ್ಟು ಹಿಡಿಯುತ್ತಿದ್ದರು. ಬ್ಲೇಡಕ್ಕ ಬಕೆಟ್ಟು ಹಿಡಿದು, ಇವತ್ತು ಯಾವ ಪದರ ಸುಲಿಯುತ್ತಿದೆ, ನಾಳೆ ಯಾವುದು ಎಂದು ಲೆಕ್ಕ ಹಾಕುತ್ತಿದ್ದಳು. ಅವಳ ಕಣ್ಣಿಗೆ ಅತ್ತಿಗೆ ಈಗ ಚರ್ಮದ ಹೊರಗಿನಿಂದ ಕಾಣುತ್ತಲೇ ಇರಲಿಲ್ಲ.

"ಎರಡನೇ ಸುತ್ತು ಇನ್ನೂ ಜೋರಂತೆ ತಂಗಿ" ಎಂದಳು ಅತ್ತಿಗೆ ಒಂದು ಬೆಳಗ್ಗೆ, ಬಚ್ಚಲಿನಲ್ಲಿ ಮೋಟು ಮಣೆಯ ಮೇಲೆ ಕೂತು. ಮಾರನೆಯ ದಿನ ಆಸ್ಪತ್ರೆಗೆ ಹೋಗಬೇಕಿತ್ತು. ನಾದಿನಿ ಅವಳ ಬೋಳು ತಲೆಗೆ ಉಗುರುಬೆಚ್ಚಗಿನ ನೀರು ಹಾಕುತ್ತಿದ್ದಳು. "ಆಗಲಿ ಬಿಡು. ಬದುಕಿದೀನಲ್ಲ. ಅಳತೆ ಟೇಪು ಹಿಡಿದು ಇನ್ನೊಬ್ಬರ ಎದೆ ಸುತ್ತುವಾಗ ಒಂದು ಥರಾ ಆಗ್ತದೆ ಅಷ್ಟೇ. ಆದರೂ ಬದುಕಿದೀನಲ್ಲ."

ಬ್ಲೇಡಕ್ಕನ ಕೈಯ ಚೊಂಬು ನಿಂತಿತು. ನಾಳೆ ಇನ್ನೊಂದು ಸುತ್ತು ಹೋದರೆ, ಇಲ್ಲದ ರೋಗವನ್ನು ಹುಡುಕುತ್ತ ಆ ಔಷಧಿ ಎಲ್ಲಿಗೆ ಮುಟ್ಟೀತೋ. ಹೇಳಿದರೆ ಈ ಮನೆ, ಈ ತಂಗಿ ಎಂಬ ಮಾತು, ಹುಡುಗಿಯ ತಲೆಯ ಭಾರ ತೊಡೆಯ ಮೇಲೆ, ಎಲ್ಲ ಹೋಗುತ್ತದೆ. ಹೇಳದಿದ್ದರೆ ಅತ್ತಿಗೆ ಹೋಗುತ್ತಾಳೆ.

"ಅತ್ತಿಗೆ, ನಾಳೆ ಹೋಗೋದು ಬೇಡ."

"ಯಾಕೆ?"

ಹೇಳಿದಳು. ನೀರಿನ ತೊಟ್ಟಿ, ಮುಂಚಿನ ಹೆಂಗಸಿನ ಬ್ಲಾಕು, ಒರೆಸದ ಮೇಲ್ಮೈ, ಮೂಲೆಯ ಚೂರು, ಡಾಕ್ಟರ ಖಾನೆ. ಒಂದನ್ನೂ ಬಿಡಲಿಲ್ಲ. ಬ್ಲಾಕು ಬೇಕೆಂದು ತಾನೇ ತೆಗೆದುಕೊಂಡದ್ದನ್ನೂ ಹೇಳಿದಳು. "ಯಾಕೆ ತಗೊಂಡೆ?" ಎಂದು ಅತ್ತಿಗೆ ಕೇಳಿದಾಗ ಸುಳ್ಳು ಹೇಳಬಹುದಿತ್ತು. "ನಿಮ್ಮನ್ನ ಒಳಗಿಂದ ನೋಡಬೇಕು ಅನ್ನಿಸ್ತು. ಖುಷಿಯಾಯ್ತು. ಆ ಖುಷೀಲಿ ಮರೆತೆ" ಎಂದುಬಿಟ್ಟಳು.

ಅತ್ತಿಗೆ ಕೂಗಾಡಲಿಲ್ಲ. ಚೊಂಬು ಕಿತ್ತು ಎಸೆಯಲಿಲ್ಲ. ನಲ್ಲಿಯ ನೀರು ಬಕೆಟ್ಟು ತುಂಬಿ, ಹೊರಗೆ ಚೆಲ್ಲಿ, ಅವಳ ಪಾದ ಸುತ್ತಿ ಮೋರಿಗೆ ಹೋಯಿತು.

"ನಲ್ಲಿ ನಿಲ್ಲಿಸು" ಎಂದಳು ಕೊನೆಗೆ. ನಾದಿನಿ ನಿಲ್ಲಿಸಿದಳು. "ನಿನ್ನ ಅಣ್ಣನಿಗೆ ಗೊತ್ತಾ?"

"ಇಲ್ಲ."

"ಹೇಳಬೇಡ."

"ಅತ್ತಿಗೆ, ನಾನೇ ಹೇಳ್ತೀನಿ, ಮನೆ ಬಿಟ್ಟು ಹೋಗ್ತೀನಿ. ಆಸ್ಪತ್ರೇಲೂ ಹೇಳ್ತೀನಿ. ಜೈಲಿಗೆ ಹಾಕಿದ್ರೂ..."

"ಹೇಳು, ಹೋಗು. ಆಮೇಲೆ?" ಅತ್ತಿಗೆ ಮುಖವೆತ್ತಿದಳು. ಹುಬ್ಬೂ ರೆಪ್ಪೆಯೂ ಉದುರಿದ ಆ ಮುಖದಲ್ಲಿ ಕಣ್ಣು ಮಾತ್ರ ಹಳೆಯ ಅತ್ತಿಗೆಯದು. "ನೀನು ಹೊರಗೆ ಹೋದ್ರೆ ನನಗೇನು ಸಿಗ್ತದೆ? ನಾಲ್ಕು ಜನ ಅಯ್ಯೋ ಅಂತಾರೆ. ಇಷ್ಟು ದಿನ ಸಾವನ್ನ ಗೆದ್ದವಳು ಅಂತ ನೋಡ್ತಿದ್ರು, ಇನ್ನು ಮೋಸಹೋದವಳು ಅಂತ ನೋಡ್ತಾರೆ. ನಿನ್ನ ಅಣ್ಣ ನನ್ನ ನೋಡ್ತಾನಲ್ಲ, ಇವಳ ಎದೆ ಸುಮ್ಮಸುಮ್ಮನೆ ಹೋಯ್ತು ಅಂತ ದಿನಾ ನೋಡ್ತಾನೆ. ಬೇಡ. ನೀನೆಲ್ಲಿಗೂ ಹೋಗಲ್ಲ. ಹೊಸಿಲು ದಾಟಿದ ದಿನ ಆಸ್ಪತ್ರೆ ಬಾಗಿಲಲ್ಲಿ ನಿಂತು ಎದೆ ಬಿಚ್ಚಿ ತೋರಿಸ್ತೀನಿ, ಇವಳು ಹೊಟ್ಟೆಕಿಚ್ಚಿಗೆ ಕೊಯ್ಸಿದ್ದು ಅಂತ. ನನ್ನ ಮಗಳ ಕೈ ಹಿಡಿದು ಅವಳಿಗೂ ಹೇಳ್ತೀನಿ. ಆಮೇಲೆ ನೋಡು, ಅತ್ತೆ ಅತ್ತೆ ಅಂತ ಬರ್ತಾಳಾ ಅಂತ. ಟವೆಲ್ ಕೊಡು."

ಮಾರನೆಯ ದಿನ ಅತ್ತಿಗೆ ಆಸ್ಪತ್ರೆಗೆ ಹೋಗಲಿಲ್ಲ. "ಸಾಕು, ಆ ವಿಷ ಬೇಡ, ನನಗೆ ವಾಸಿಯಾಗಿದೆ ಅಂತ ಒಳಗಿಂದ ಗೊತ್ತಾಗ್ತಿದೆ" ಎಂದು ಗಂಡನಿಗೂ ನೆಂಟರಿಗೂ ಸಾರಿದಳು. ಡಾಕ್ಟರು ಒಂದು ಸಲ ಫೋನು ಮಾಡಿಸಿ ಸುಮ್ಮನಾದರು. ಕೂದಲು ಮತ್ತೆ ಹುಟ್ಟಿತು, ಗುಂಗುರಾಗಿ ಹುಟ್ಟಿತು. ಬಾಯಿಯ ಪದರ ಮತ್ತೆ ಹಾಸಿಕೊಂಡಿತು. ಅವೆಲ್ಲ ಮತ್ತೆ ಮತ್ತೆ ಹುಟ್ಟುವ ಜಾತಿಯ ಅಂಗಾಂಶ. ಎದೆ ಹುಟ್ಟುವುದಲ್ಲ, ಅಲ್ಲಿ ಗಾಯ ಮಾಗಿ ನಾರು ಬಿಗಿದುಕೊಂಡಿತು, ಅಷ್ಟೇ.

ಬ್ಲೇಡಕ್ಕ ಲ್ಯಾಬಿನ ಕೆಲಸ ಬಿಡಲಿಲ್ಲ, ಅತ್ತಿಗೆ ಬಿಡಗೊಡಲಿಲ್ಲ. ಅಲ್ಲಿ ಅವಳು ಒಂದೇ ಬ್ಲಾಕಿಗೆ ನೀರನ್ನು ಒರೆಸಿ, ಮತ್ತೆ ಒರೆಸಿ, ತೊಟ್ಟಿಯನ್ನೇ ಖಾಲಿ ಮಾಡಿ ಹೊಸ ನೀರು ತುಂಬುತ್ತಿದ್ದಳು. ಕೆಲಸ ಹಿಂದೆ ಬೀಳುತ್ತಿತ್ತು, ಬೈಗುಳ ತಿನ್ನುತ್ತಿದ್ದಳು. ಹೊಸಬರ ಬೆನ್ನಿಗೆ ಗುದ್ದುವುದು ನಿಂತುಹೋಯಿತು. ಬೇಲಿಯಾಚೆಯ ಹೆಂಗಸರು ಮಾತ್ರ, "ನಾದಿನಿ ಅಂದ್ರೆ ಹೀಗಿರಬೇಕು, ಅತ್ತಿಗೆ ಕಾಲು ತೊಳೆದ ನೀರು ಕುಡಿಯೋಳು" ಎಂದು ತಮ್ಮ ಸೊಸೆಯರಿಗೆ ತೋರಿಸುತ್ತಿದ್ದರು. ಹೊರಗಿನವರೆದುರು ಅತ್ತಿಗೆಯೂ ತಂಗಿ ಎಂದೇ ಕರೆಯುತ್ತಿದ್ದಳು. ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಮಂಚ ಅತ್ತಿಗೆಯ ಕೋಣೆಯಲ್ಲೇ ಉಳಿಯಿತು.

ದಿನವೂ ಬೆಳಗ್ಗೆ, ಅಳತೆ ಕೊಡುವವರು ಬರುವ ಮುಂಚೆ, ಸ್ನಾನ ಮುಗಿಸಿದ ಅತ್ತಿಗೆ ಬಾಗಿಲ ಚಿಲಕ ಹಾಕಿ ಟವೆಲ್ಲನ್ನು ಸೊಂಟಕ್ಕೆ ಇಳಿಸಿ ಕಿಟಕಿಯ ಬೆಳಕಿಗೆ ನಿಲ್ಲುತ್ತಿದ್ದಳು. ಬ್ಲೇಡಕ್ಕ ಎದುರಿಗೆ ಕೂರಬೇಕು. ತಲೆ ತಗ್ಗಿಸಿದರೆ ಗಲ್ಲ ಹಿಡಿದು ಎತ್ತುವಳು.

"ನೋಡಿದ್ಯಾ?"

"ನೋಡಿದೆ ಅತ್ತಿಗೆ."

"ಏನಿತ್ತು ಇಲ್ಲಿ?"

"ಹಾಲಿನ ಗ್ರಂಥಿ. ಕೊಬ್ಬು. ನಾರು."

"ರೋಗ?"

"ಇರಲಿಲ್ಲ."

"ಅಷ್ಟು ಜೋರಾಗಲ್ಲ, ನಿನ್ನ ಅಣ್ಣನಿಗೆ ಕೇಳಿಸ್ತದೆ. ಮೆಲ್ಲಗೆ ಹೇಳು ತಂಗಿ. ಇನ್ನೊಂದ್ಸಲ."